138 ಇದ್ದದ್ದು 9.8 ಆಯಿತು, ಬ್ಲೋವರ್ ಮಾತ್ರ ಹಾಗೇ ನಡುಗುತ್ತಿತ್ತು

ಬ್ಯಾಡಗಿ ಹೊರಗಿನ ಒಂದು ಮೆಣಸಿನಪುಡಿ ಗಿರಣಿ. ಸುಗ್ಗಿ ಜೋರಾಗಿತ್ತು, ಅಂಗಳದ ತುಂಬ ಕೆಂಪು ರಾಶಿ. ಕಾಯಿ ಕುಟ್ಟಿ ಪುಡಿ ಮಾಡುವ ಪಲ್ವರೈಸರ್‌ನಿಂದ ಪುಡಿ ಎಳೆಯುವ ಬ್ಲೋವರ್ ನಡುಗುತ್ತದೆ ಎಂದು ಹುಬ್ಬಳ್ಳಿಯಿಂದ ನನ್ನನ್ನು ಕರೆಸಿದ್ದರು. ನಾನು ಮೀಟರ್ ಚೀಲದಿಂದ ಹೊರಗೆ ತೆಗೆಯುವ ಮೊದಲೇ ಸಾವ್ಕಾರರು ಒಂದು ನೋಟ್‌ಬುಕ್ ಮುಂದೆ ಇಟ್ಟರು. ಅದರಲ್ಲಿ ಎರಡು ಅಂಕಿ: ಮೊದಲ ಸಲ ಬಂದವರು ಬರೆದದ್ದು 138, ಬೇರಿಂಗ್ ಬದಲಿಸಿದ ಮೇಲೆ ಬಂದ ಇನ್ನೊಬ್ಬರು ಬರೆದದ್ದು 13.9. ಅವರ ಮಾತಿನ ಮೇಲೆ ಬೇರಿಂಗ್ ಮತ್ತೊಮ್ಮೆ ಬದಲಾಗಿತ್ತು. ನಾನು ಅಳೆದೆ. 9.8 ಬಂತು.

"ನೋಡ್ರಿ ಸರ, ಬರಬರತ ಕಡಿಮಿ ಆಗೇತಿ. ಆದ್ರ ಕೈ ಇಟ್ರ ಮೊದಲಿನಂಗ ನಡಗತೈತಿ. ಯಾಕ?"

ಯಾಕೆಂದರೆ ಮೂರೂ ಒಂದೇ ನಡುಕ. 138 ಎನ್ನುವುದು ಮೈಕ್ರಾನ್‌ನಲ್ಲಿ (ಮಿಲಿಮೀಟರಿನ ಸಾವಿರದ ಒಂದು ಪಾಲು), ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದ ಸ್ಥಾನಪಲ್ಲಟ. 13.9 ಎನ್ನುವುದು ಸೆಕೆಂಡಿಗೆ ಮಿಲಿಮೀಟರ್‌ನಲ್ಲಿ ವೇಗದ ಪೀಕ್, ಅಂದರೆ ಅದು ಮುಟ್ಟುವ ತುದಿ. 9.8 ಅದೇ ವೇಗದ ಆರ್‌ಎಂಎಸ್, ಅಂದರೆ ಒಂದು ಬಗೆಯ ಸರಾಸರಿ; ಇಂಥ ಒಂದೇ ಲಯದ ನಡುಕದಲ್ಲಿ ಪೀಕ್ ಅದರ 1.414ರಷ್ಟು. ಬ್ಲೋವರ್ ಒಳಗಿನ ಫ್ಯಾನ್ ತಿರುಗುವುದು ನಿಮಿಷಕ್ಕೆ 1920 ಸುತ್ತು, ಅಂದರೆ ಸೆಕೆಂಡಿಗೆ 32, ಅಂದರೆ 32 ಹರ್ಟ್ಸ್. 9.8 ಅನ್ನು 1.414ರಿಂದ ಗುಣಿಸಿದರೆ 13.9. ಅದನ್ನು 2 ಪೈ ಗುಣಿಲೆ 32, ಅಂದರೆ 201ರಿಂದ ಭಾಗಿಸಿದರೆ 0.069 ಮಿಲಿಮೀಟರ್. ಅದರ ಎರಡರಷ್ಟು 138 ಮೈಕ್ರಾನ್. ಎರಡು ಜೊತೆ ಬೇರಿಂಗ್, ಎರಡು ದಿನದ ಕೆಲಸ, ಅದರ ಮಜೂರಿ ಎಲ್ಲ ಮುಗಿದ ಮೇಲೂ ಯಂತ್ರ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಅಳತೆಯ ಹೆಸರು.

ಈ ಬರಹದಲ್ಲಿ ಆ ಬ್ಲೋವರ್‌ನ ದೋಷ ಹಿಡಿದ ಬಗೆಯನ್ನು ಬರೆಯುತ್ತೇನೆ. ಜೊತೆಗೆ ಮೀಟರ್ ಪರದೆಯ ಮೇಲಿನ ಮಾತುಗಳ ಅರ್ಥವನ್ನೂ, ಎಲ್ಲಿ ಬೇಕಾಯಿತೋ ಅಲ್ಲಿ.

ಜೋಕಾಲಿಯಲ್ಲಿ ಕೂತು ನೋಡಿದರೆ

ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಈ ತುದಿಯಿಂದ ಆ ತುದಿಗೆ ಎಷ್ಟು ದೂರ ಹೋಯಿತು ಎಂಬುದು ಸ್ಥಾನಪಲ್ಲಟ. ನಡುವೆ, ನೆಲದ ಹತ್ತಿರ ಬರುವಾಗ ಗಾಳಿ ಮುಖಕ್ಕೆ ಹೊಡೆಯುತ್ತದಲ್ಲ, ವೇಗ ಅಲ್ಲಿ ಅತಿ ಹೆಚ್ಚು. ತುದಿಗೆ ಹೋಗಿ ಒಂದು ಕ್ಷಣ ನಿಂತು ಹಿಂದಕ್ಕೆ ಜಗ್ಗುತ್ತದೆ. ಹಾಗೆ ವೇಗ ಬದಲಾಗುವ ರಭಸ ವೇಗೋತ್ಕರ್ಷ. ಒಂದೇ ಜೋಕಾಲಿ, ಮೂರು ಅಳತೆ.

ಯಾವುದನ್ನು ಯಾವಾಗ ನೋಡಬೇಕು? ನಿಧಾನ ತಿರುಗುವ ಯಂತ್ರಕ್ಕೆ, ಸುಮಾರು 600 ಸುತ್ತಿಗಿಂತ ಕೆಳಗಿದ್ದರೆ, ಮೈಕ್ರಾನ್. ನಮ್ಮ ಕಡೆಯ ಮೋಟರ್, ಪಂಪ್, ಬ್ಲೋವರ್, ಜಿನ್ನಿಂಗ್ ಯಂತ್ರ ಇವೆಲ್ಲಕ್ಕೆ ಮಿಮೀ/ಸೆಕೆಂಡ್ ಆರ್‌ಎಂಎಸ್. ಬೇರಿಂಗ್, ಗೇರ್ ಹಲ್ಲು ಮುಂತಾದ ಸೂಕ್ಷ್ಮ, ವೇಗದ ಹೊಡೆತಕ್ಕೆ ವೇಗೋತ್ಕರ್ಷ, ಅದನ್ನು 'ಜಿ' ಎಂದು ಬರೆಯುತ್ತಾರೆ. 1 ಜಿ ಎಂದರೆ 9.81 ಮೀಟರ್ ಪ್ರತಿ ಸೆಕೆಂಡ್ ವರ್ಗ. ನಮ್ಮ ಬ್ಲೋವರ್‌ನ 9.8 ಮಿಮೀ/ಸೆಕೆಂಡ್ ಅನ್ನು ಜಿ ಲೆಕ್ಕಕ್ಕೆ ತಂದರೆ ಬರೀ 0.2. ಜಿ ಒಂದನ್ನೇ ನೋಡಿ "ಏನೂ ಇಲ್ಲ, ಓಡಿಸ್ರಿ" ಎಂದವರನ್ನೂ ನಾನು ಕಂಡಿದ್ದೇನೆ.

9.8 ಹೆಚ್ಚೋ ಕಡಿಮೆಯೋ? ಕೈಗಾರಿಕಾ ಫ್ಯಾನ್‌ಗಳಿಗೆ ಐಎಸ್‌ಒ 14694 ಎಂಬ ಮಾನಕವಿದೆ. ಗಟ್ಟಿ ಅಡಿಪಾಯದ ಮೇಲೆ ಕೂತ ಈ ಬಗೆಯ ಬ್ಲೋವರ್‌ಗೆ ಹೊಸದಾಗಿ ಚಾಲೂ ಮಾಡುವಾಗ 4.5ರೊಳಗೆ ಇರಬೇಕು, 7.1ಕ್ಕೆ ಎಚ್ಚರಿಕೆ, 9.0ಕ್ಕೆ ನಿಲ್ಲಿಸಬೇಕು. ಎಲ್ಲ ಮಿಮೀ/ಸೆಕೆಂಡ್ ಆರ್‌ಎಂಎಸ್‌ನಲ್ಲಿ. ನಾವು ನಿಲ್ಲಿಸುವ ಗೆರೆ ದಾಟಿ ಓಡಿಸುತ್ತಿದ್ದೆವು.

ಮೊದಲು ಕಿವಿ, ಕೈ, ಆಮೇಲೆ ಮೀಟರ್

ಯಂತ್ರದ ಸುತ್ತ ಸುಮ್ಮನೆ ಎರಡು ಸುತ್ತು ಹಾಕಿದೆ. 15 ಎಚ್‌ಪಿ ಮೋಟರ್, 1440 ಸುತ್ತು, ಅಂದರೆ 24 ಹರ್ಟ್ಸ್. ಮೋಟರ್ ಕಡೆ 8 ಇಂಚು ಪುಲ್ಲಿ, ಫ್ಯಾನ್ ಕಡೆ 6 ಇಂಚು. ಮೂರು ಬಿ-90 ಬೆಲ್ಟ್. ಇಂಪೆಲ್ಲರ್‌ಗೆ, ಅಂದರೆ ಫ್ಯಾನಿನ ಗಾಲಿಗೆ, 8 ಬ್ಲೇಡ್. ಈ ನಾಲ್ಕು ಸಂಗತಿ ಬರೆದುಕೊಳ್ಳದೆ ಮೀಟರ್ ಹಚ್ಚಿದರೆ ಬರುವ ಅಂಕಿಗೆ ಅಪ್ಪ ಅವ್ವ ಇರುವುದಿಲ್ಲ. ಯಾಕೆಂದರೆ ಪ್ರತಿ ದೋಷಕ್ಕೂ ಒಂದು ಆವೃತ್ತಿ (ಸೆಕೆಂಡಿಗೆ ಎಷ್ಟು ಸಲ ಎಂಬ ಹರ್ಟ್ಸ್ ಲೆಕ್ಕ) ಇದೆ, ಅದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು:

ಮೋಟರ್ 24. ಫ್ಯಾನ್ 32. ಬ್ಲೇಡ್ ಹಾಯುವ ಆವೃತ್ತಿ 8 ಗುಣಿಲೆ 32, 256. ಬೆಲ್ಟ್ ಒಂದು ಸುತ್ತು ಬರುವುದು ಸೆಕೆಂಡಿಗೆ 6.6 ಸಲ (ಪುಲ್ಲಿಯ ಸುತ್ತಳತೆಯನ್ನು 24ರಿಂದ ಗುಣಿಸಿ ಬೆಲ್ಟಿನ ಉದ್ದದಿಂದ ಭಾಗಿಸಿ). ಕರೆಂಟಿನ ದೋಷವಿದ್ದರೆ 100, ಯಾಕೆಂದರೆ ನಮ್ಮ ಲೈನ್ 50 ಹರ್ಟ್ಸ್, ಅಯಸ್ಕಾಂತದ ಎಳೆತ ಅದರ ಎರಡರಷ್ಟು. ಬೇರಿಂಗ್‌ನಲ್ಲಿ 9 ಗುಂಡು ಇದ್ದರೆ ಹೊರ ಬಳೆಯ ದೋಷ ಸುಮಾರು 0.4 ಗುಣಿಲೆ 9 ಗುಣಿಲೆ 32, ಅಂದರೆ 115ರ ಆಸುಪಾಸು. ಒಳ ಬಳೆಗೆ 0.6 ಹಿಡಿಯಿರಿ, 173. ಈ 0.4, 0.6 ಅಂದಾಜಿನ ಲೆಕ್ಕ, ಆದರೆ ಬಯಲಲ್ಲಿ ನಿಂತು ಕೆಲಸ ಮಾಡುವವನಿಗೆ ಸಾಕು.

ಅಳೆಯುವ ಜಾಗದ ಬಗ್ಗೆ ಒಂದು ಮಾತು. ಸೆನ್ಸರ್ ಅನ್ನು ಬೇರಿಂಗ್ ಮನೆಯ ಮೇಲೆ, ಬಣ್ಣ ಕೆರೆದು, ಅಯಸ್ಕಾಂತದಿಂದ ಕೂರಿಸಿ. ಕೈಯಲ್ಲಿ ಒತ್ತಿ ಹಿಡಿಯುವ ಸೂಜಿ ಸುಮಾರು 1000 ಹರ್ಟ್ಸ್ ದಾಟಿದ ಮೇಲೆ ನಂಬಿಕೆಗೆ ಬರುವುದಿಲ್ಲ. ತಗಡಿನ ಗಾರ್ಡ್ ಮೇಲೆ ಇಟ್ಟರೆ ಗಾರ್ಡಿನ ರೋಗ ಗೊತ್ತಾಗುತ್ತದೆ, ಯಂತ್ರದ್ದಲ್ಲ. ಮೂರು ದಿಕ್ಕು ಬೇಕೇ ಬೇಕು: ಅಡ್ಡ, ನೇರ (ಮೇಲೆ ಕೆಳಗೆ), ಶಾಫ್ಟ್‌ಗುಂಟ.

ಫ್ಯಾನ್ ಕಡೆಯ ಬೇರಿಂಗ್: ಅಡ್ಡ 9.8, ನೇರ 4.1, ಶಾಫ್ಟ್‌ಗುಂಟ 2.6. ಮೋಟರ್ ಕಡೆ ಎಲ್ಲವೂ 2ರ ಒಳಗೆ.

ಸ್ಪೆಕ್ಟ್ರಮ್ ಹೇಳಿದ್ದು, ಬಿಟ್ಟದ್ದು

ಒಟ್ಟು ಅಂಕಿ ಜ್ವರದ ಥರ್ಮಾಮೀಟರ್ ಇದ್ದಂತೆ. ಜ್ವರ ಇದೆ ಎನ್ನುತ್ತದೆ, ಯಾವ ಜ್ವರ ಎನ್ನುವುದಿಲ್ಲ. ಸ್ಪೆಕ್ಟ್ರಮ್ ಎಂದರೆ ಆ ನಡುಕವನ್ನು ಆವೃತ್ತಿವಾರು ಬಿಡಿಸಿ ಇಟ್ಟದ್ದು. ಪರದೆಯ ಮೇಲೆ 32ರಲ್ಲಿ ಒಂದೇ ಒಂದು ಎತ್ತರದ ಗೆರೆ, 9.5ರಷ್ಟು. ಉಳಿದವು ಅದರ ಕಾಲಕೆಳಗಿನ ಹುಲ್ಲು.

115ರಲ್ಲಿ ಏನಿಲ್ಲ, 173ರಲ್ಲಿ ಏನಿಲ್ಲ. ಅಲ್ಲಿಗೆ ಬೇರಿಂಗ್ ಮಾತು ಮುಗಿಯಬೇಕಿತ್ತು. ಆದರೂ ಸಾವ್ಕಾರರನ್ನು ಕೇಳಿದೆ, ತೆಗೆದ ಬೇರಿಂಗ್ ಎಲ್ಲಿ ಎಂದು. ಪುಣ್ಯಕ್ಕೆ ಗುಜರಿಗೆ ಹೋಗಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿ ಬೆಳಕಿಗೆ ಹಿಡಿದೆವು: ಬಳೆ ಕನ್ನಡಿಯಂತಿತ್ತು, ಒಂದು ಗುಳಿ ಇಲ್ಲ. ತೆಗೆದ ಭಾಗ ಬಿಚ್ಚಿ ನೋಡದೆ ಹೊಸದು ಹಾಕುವವರ ಬಿಲ್ ಕೊಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ನನ್ನ ಸಹೋದ್ಯೋಗಿಗಳಿಗೆ ಅದು ಸರಿಕಾಣುವುದಿಲ್ಲ.

100 ಹರ್ಟ್ಸ್‌ನಲ್ಲೂ ಏನಿಲ್ಲ. ಖಾತ್ರಿಗೆ, ಓಡುತ್ತಿರುವಾಗಲೇ ಕರೆಂಟ್ ತೆಗೆಸಿದೆ. ಸ್ವಿಚ್ ಒತ್ತಿದ ಕ್ಷಣವೇ ನಡುಕ ಬಿದ್ದರೆ ಮೋಟರ್‌ನ ವಿದ್ಯುತ್ ದೋಷ. ಇಲ್ಲಿ ಹಾಗಾಗಲಿಲ್ಲ, ವೇಗ ಇಳಿದಂತೆ ನಡುಕವೂ ಇಳಿಯಿತು, ವೇಗಕ್ಕಿಂತ ಬೇಗ ಇಳಿಯಿತು. ಅದು ಅಸಮತೋಲನದ ಗುರುತು, ತೂಕ ಒಂದು ಕಡೆ ಇದ್ದರೆ ಎಳೆತ ವೇಗದ ವರ್ಗದಂತೆ ಏರುತ್ತದೆ. ಆದರೆ ನಡುವೆ, ಸುಮಾರು 29 ಹರ್ಟ್ಸ್ ಹಾಯುವಾಗ, ಮೇಲಿನ ಗಾಳಿ ಕೊಳವೆ ಒಮ್ಮೆ ಗಡಗಡ ಎಂದು ಅಲುಗಿ ಸುಮ್ಮನಾಯಿತು. ಅದನ್ನು ಆಗ ಮೂಲೆಯಲ್ಲಿ ಬರೆದಿಟ್ಟೆ.

32ರ ಒಂದೇ ಗೆರೆ ನೋಡಿ ನೇರ ಬ್ಯಾಲೆನ್ಸಿಂಗ್‌ಗೆ, ಅಂದರೆ ತೂಕ ಸರಿದೂಗಿಸಲು, ಇಳಿಯುವುದು ಇನ್ನೊಂದು ದುಡುಕು. ಸಡಿಲ ಬೋಲ್ಟ್, ಬಾಗಿದ ಶಾಫ್ಟ್, ಅನುರಣನ (ಅದರ ಮಾತು ಮುಂದೆ ಬರುತ್ತದೆ) ಎಲ್ಲವೂ ಆ ಗೆರೆಯನ್ನು ಎತ್ತರಿಸಬಲ್ಲವು. ಮೊದಲು ಬಾಗಿಲು ತೆಗೆದು ನೋಡಬೇಕು.

ಒಂದು ಮುಷ್ಟಿ ಮೆಣಸಿನಹಿಟ್ಟು

ಮೇನ್ ಆಫ್, ಫ್ಯೂಸ್ ಕಿತ್ತು ಜೇಬಿನಲ್ಲಿ. ಇದು ವಾಡಿಕೆಯಲ್ಲ, ಕಟ್ಟಳೆ. ಇಂಪೆಲ್ಲರ್ ಪೂರ್ತಿ ನಿಂತ ಮೇಲೆ ಕವಚದ ಬಾಗಿಲು ತೆಗೆದೆವು. ಎಲ್ಲರ ಕಣ್ಣಲ್ಲಿ ನೀರು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ ಎನ್ನುತ್ತಾರೆ. ಬ್ಲೋವರ್ ಒಳಗೆ ತಲೆ ಹಾಕಿದವರು ಹಾಗೆ ಹೇಳುವುದಿಲ್ಲ.

ಎಂಟು ಬ್ಲೇಡ್‌ಗಳ ಬೆನ್ನಿಗೂ ಕೆಂಪು ಹೊಪ್ಪಳಿಕೆ. ಮೆಣಸಿನಕಾಯಿಯ ಎಣ್ಣೆ ಅಂಶ, ಬೆಳಗಿನ ಇಬ್ಬನಿಯ ಹಸಿ ಎರಡೂ ಸೇರಿ ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗಿತ್ತು. ಎಲ್ಲ ಬ್ಲೇಡಿಗೂ ಸಮನಾಗಿ ಮೆತ್ತಿದರೆ ಯಂತ್ರ ದೂರುವುದಿಲ್ಲ. ಒಂದು ದಿನ ಒಂದು ಬ್ಲೇಡಿನ ಚಕ್ಕೆ ಕಳಚಿ ಬೀಳುತ್ತದೆ, ಅಂದಿನಿಂದ ನಡುಕ. "ಒಮ್ಮಿಂದೊಮ್ಮೆ ಚಾಲೂ ಆತ್ರಿ" ಎಂದು ಸಾವ್ಕಾರರು ಹೇಳಿದ್ದರ ಅರ್ಥ ಇದೇ ಇತ್ತು. ಬೇರಿಂಗ್ ಸಾಮಾನ್ಯವಾಗಿ ಹಾಗೆ ಒಮ್ಮೆಲೇ ಕೆಡುವುದಿಲ್ಲ, ವಾರಗಟ್ಟಲೆ ಕಿರಿಕಿರಿ ಮಾಡಿ ಕೆಡುತ್ತದೆ. ದೂರು ಶುರುವಾದ ರೀತಿಯನ್ನು ಕೇಳಿಸಿಕೊಂಡಿದ್ದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತಿತ್ತು.

ಲೆಕ್ಕ ನೋಡಿ. ಒಂದು ಬದಿಗೆ 60 ಗ್ರಾಂ ಹೆಚ್ಚು, ಮಧ್ಯದಿಂದ 30 ಸೆಂಟಿಮೀಟರ್ ದೂರದಲ್ಲಿ ಎಂದುಕೊಳ್ಳಿ. 32 ಹರ್ಟ್ಸ್‌ನಲ್ಲಿ ಅದು ಎಳೆಯುವ ಬಲ ಸುಮಾರು 728 ನ್ಯೂಟನ್. 74 ಕೆಜಿ ತೂಕದ ಆಳು ಶಾಫ್ಟಿಗೆ ಜೋತುಬಿದ್ದು ಸೆಕೆಂಡಿಗೆ 32 ಸಲ ಸುತ್ತ ಜಗ್ಗಿದ ಹಾಗೆ. ಒಂದು ಮುಷ್ಟಿ ಹಿಟ್ಟು.

ಮರದ ಪಟ್ಟಿಯಿಂದ ಕೆರೆದು, ಗಾಳಿ ಊದಿ, ಒಣ ಬಟ್ಟೆಯಿಂದ ಒರೆಸಿದೆವು. ಕಬ್ಬಿಣದ ಉಳಿ ಬೇಡ, ಬ್ಲೇಡ್ ತಗ್ಗು ಬೀಳುತ್ತದೆ. ಮತ್ತೆ ಚಾಲೂ: 9.8 ಇದ್ದದ್ದು 4.3.

ಉಳಿದ 4.3

ಇಲ್ಲಿ ನಿಲ್ಲಬಹುದಿತ್ತು, ಸಾವ್ಕಾರರು ಚಹಾ ತರಿಸಿದ್ದರು. ಆದರೆ ದೊಡ್ಡ ಗೆರೆ ಕುಸಿದ ಮೇಲೆ ಹುಲ್ಲಿನಲ್ಲಿ ಮುಚ್ಚಿದ್ದು ಕಾಣತೊಡಗಿತು: 64, 96. ಫ್ಯಾನ್ ವೇಗದ ಎರಡರಷ್ಟು, ಮೂರರಷ್ಟು. ಇವನ್ನು ಹಾರ್ಮೋನಿಕ್ ಎನ್ನುತ್ತೇವೆ. ಎರಡರಷ್ಟು ಎತ್ತರವಾಗಿದ್ದು ಶಾಫ್ಟ್‌ಗುಂಟವೂ ಜೋರಾಗಿದ್ದರೆ ಅಲೈನ್‌ಮೆಂಟ್, ಅಂದರೆ ಭಾಗಗಳು ಒಂದೇ ಗೆರೆಯಲ್ಲಿ ಕೂತಿವೆಯೇ ಎಂಬುದರ ಮೇಲೆ ಅನುಮಾನ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಏನೋ ಸಡಿಲ.

ಸಡಿಲ ಹುಡುಕಲು ದುಬಾರಿ ಉಪಕರಣ ಬೇಡ. ಪ್ರತಿ ಕಾಲಿನ ಮೇಲೊಂದು, ಅದರ ಪಕ್ಕದ ಕಾಂಕ್ರೀಟ್ ಮೇಲೊಂದು ಅಳತೆ ತೆಗೆಯಿರಿ. ಮೂರು ಕಾಲಲ್ಲಿ 0.7, ಕಾಂಕ್ರೀಟಿನಲ್ಲಿ 0.5, ಹೆಚ್ಚು ಕಡಿಮೆ ಜೊತೆಗೇ ಅಲುಗುತ್ತಿವೆ. ನಾಲ್ಕನೆಯ ಕಾಲು 1.9, ಅದರ ಕೆಳಗಿನ ಕಾಂಕ್ರೀಟ್ 0.4. ಕಾಲೂ ನೆಲವೂ ಮಾತು ಬಿಟ್ಟಿವೆ. ಬೋಲ್ಟ್ ಬಿಗಿಯಾಗೇ ಇತ್ತು! ಸಡಿಲಿಸಿ ನೋಡಿದರೆ ಕಾಲಿನ ಕೆಳಗೆ 0.3 ಮಿಲಿಮೀಟರ್ ಸಂದು. ನಾಲ್ಕು ಕಾಲಿನ ಮಂಚ ಮೂರು ಕಾಲಿನ ಮೇಲೆ ನಿಂತ ಹಾಗೆ. ಬೋಲ್ಟ್ ಇನ್ನಷ್ಟು ಬಿಗಿದರೆ ಚೌಕಟ್ಟೇ ಬಾಗುತ್ತದೆ. ಸಂದಿಗೆ ತಕ್ಕ ಶಿಮ್ (ತೆಳು ತಗಡಿನ ತುಂಡು) ಹಾಕಿ ಆಮೇಲೆ ಬಿಗಿಯಬೇಕು. ಹಾಕಿದೆವು, 3.0.

ಇನ್ನೊಂದು ಸಣ್ಣ ಗೆರೆ 13.2ರಲ್ಲಿ. ಬೆಲ್ಟಿನ 6.6ರ ಎರಡರಷ್ಟು. ಆ 6.6 ಮಾತ್ರ ಪರದೆಯಲ್ಲಿ ಎಲ್ಲೂ ಇಲ್ಲ, ಯಾಕೆಂದರೆ ಕೈಮೀಟರ್ ಕೇಳಿಸಿಕೊಳ್ಳುವುದು 10ರಿಂದ 1000 ಹರ್ಟ್ಸ್ ಮಾತ್ರ. ಕೆಳಗಿನ ಮಿತಿ ಎಷ್ಟು ಎಂದು ಮೀಟರ್ ಪುಸ್ತಕದಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ. ಮೂರು ಬೆಲ್ಟಿನಲ್ಲಿ ಒಂದು ಹೊಸದು, ಎರಡು ಹಳೆಯವು. ಭಾರವೆಲ್ಲ ಹೊಸದರ ಮೇಲೆ. ಮೂರನ್ನೂ ಒಂದೇ ಸಲ ಬದಲಿಸಿ, ಪುಲ್ಲಿಗಳನ್ನು ದಾರ ಹಿಡಿದು ನೇರ ಮಾಡಿದ ಮೇಲೆ 2.4.

ತಾಟು ನಡುಗುವ ಮನೆ

ಗಿರಣಿ ಹಿಂದಿನ ಓಣಿಯಿಂದ ಬೇರೆಯೇ ದೂರು ಇತ್ತು. ನಾನು ಇನ್ನೂ ಯಂತ್ರ ಮುಟ್ಟದ ಮೊದಲ ರಾತ್ರಿಯೇ ಅಲ್ಲಿಗೂ ಹೋಗಿ ಅಳೆದಿದ್ದೆ. "ರಾತ್ರಿ ಆದ್ರ ಸಾಕು, ಅಡಗಿ ಮನ್ಯಾಗ ತಾಟು ಗಣಗಣ ಅಂತಾವಪಾ. ಕಿವಿಗೆ ಏನೂ ಕೇಳಂಗಿಲ್ಲ, ಎದಿಯಾಗ ಗುಂಯ್ ಅಂತೈತಿ," ಎಂದು ಅಜ್ಜಿ ಹೇಳಿದರು. ಯಾರೋ ಮೊಬೈಲ್ ಆ್ಯಪ್ ಹಚ್ಚಿ "54 ಡೆಸಿಬೆಲ್, ಅಷ್ಟೇನಿಲ್ಲ" ಎಂದು ಹೋಗಿದ್ದರಂತೆ.

ನನ್ನ ಮೀಟರ್‌ನಲ್ಲೂ 54 ಬಂತು. ಎ ತೂಕದಲ್ಲಿ. ಸಿ ತೂಕಕ್ಕೆ ತಿರುಗಿಸಿದರೆ 76.

ಎ ತೂಕ ಎಂದರೆ ಮನುಷ್ಯನ ಕಿವಿ ಕೆಳಸ್ಥಾಯಿಗೆ ಎಷ್ಟು ಮಂದವೋ ಮೀಟರನ್ನೂ ಅಷ್ಟು ಮಂದ ಮಾಡುವುದು. 1000 ಹರ್ಟ್ಸ್‌ನಲ್ಲಿ ಏನೂ ಕಳೆಯುವುದಿಲ್ಲ, 250ರಲ್ಲಿ 8.6 ಡೆಸಿಬೆಲ್ ಕಳೆಯುತ್ತದೆ, 31.5ರಲ್ಲಿ 39.4. ನಮ್ಮ ಬ್ಲೋವರ್‌ನ 32 ಹರ್ಟ್ಸ್ ಎ ತೂಕದ ಕಣ್ಣಿಗೆ ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಸಿ ತೂಕ ಅಲ್ಲಿ ಸುಮಾರು 3 ಮಾತ್ರ ಕಳೆಯುತ್ತದೆ. ಸಿ ಮತ್ತು ಎ ನಡುವೆ 15-20 ದಾಟಿ ಅಂತರ ಬಂದರೆ ಕೆಳಸ್ಥಾಯಿಯ ಸದ್ದು ಎಂದು ಹಿಡಿಯಬಹುದು. ಇಲ್ಲಿ 22. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ, ಆ್ಯಪ್ ಹೇಳಿದ್ದು ಅರ್ಧ.

ಗಿರಣಿ ನಿಲ್ಲಿಸಿ ಅಳೆದಾಗ ಎ ತೂಕ 49. ಡೆಸಿಬೆಲ್‌ಗಳನ್ನು ನೇರವಾಗಿ ಕಳೆಯುವಂತಿಲ್ಲ. 54ರಲ್ಲಿ 49 ಹೋದರೆ 5 ಅಲ್ಲ, ಗಿರಣಿಯ ಪಾಲು ಸುಮಾರು 52. ಹಿನ್ನೆಲೆ ಮತ್ತು ಒಟ್ಟಿನ ಅಂತರ 10ಕ್ಕಿಂತ ಹೆಚ್ಚಿದ್ದರೆ ಹಿನ್ನೆಲೆಯನ್ನು ಮರೆಯಬಹುದು, 3ಕ್ಕಿಂತ ಕಡಿಮೆಯಿದ್ದರೆ ಆ ಅಳತೆಯನ್ನೇ ಮರೆಯಬೇಕು. ಒಂದೇ ಸದ್ದಿನ ಎರಡು ಯಂತ್ರ ಸೇರಿದರೆ 3 ಡೆಸಿಬೆಲ್ ಏರುತ್ತದೆ, ದುಪ್ಪಟ್ಟಾಗುವುದಿಲ್ಲ.

ಬ್ಲೋವರ್ ಕೆಲಸ ಮುಗಿದ ರಾತ್ರಿ ಮತ್ತೆ ಅದೇ ಅಂಗಳದಲ್ಲಿ ನಿಂತೆ. ಸಿ ತೂಕ 65. ನಡುಕ 9.8ರಿಂದ 2.4ಕ್ಕೆ, ನಾಲ್ಕನೆಯ ಒಂದು ಪಾಲು; ಡೆಸಿಬೆಲ್ ಲೆಕ್ಕದಲ್ಲಿ ಅದು 12. ಸದ್ದು ಇಳಿದದ್ದು 11. ಯಂತ್ರದ ಮೇಲೆ ಅಳೆದದ್ದೂ ಅಜ್ಜಿಯ ಅಂಗಳದಲ್ಲಿ ಅಳೆದದ್ದೂ ತಾಳೆಯಾದಾಗ ಆಗುವ ಸಂತೋಷ ಬೇರೆ.

ಆದರೂ ತಾಟು ಸಣ್ಣಗೆ ಗುನುಗುತ್ತಿದ್ದವು. ಮೂಲೆಯಲ್ಲಿ ಬರೆದಿಟ್ಟ 29 ಆಗ ನೆನಪಾಯಿತು. ಯಂತ್ರ ನಿಂತಿರುವಾಗ ಗಾಳಿ ಕೊಳವೆಗೆ ಸೆನ್ಸರ್ ಹಚ್ಚಿ ಮರದ ಸುತ್ತಿಗೆಯಿಂದ ಒಮ್ಮೆ ತಟ್ಟಿದೆ. ಅದು ತಾನಾಗಿ ಅಲುಗಿದ್ದು 29 ಹರ್ಟ್ಸ್‌ನಲ್ಲಿ, ಅದು ಕೊಳವೆಯ ಸ್ವಾಭಾವಿಕ ಆವೃತ್ತಿ. ಫ್ಯಾನಿನದು 32. ಮತ್ತೆ ಜೋಕಾಲಿಗೇ ಬರೋಣ: ಅದರ ಲಯಕ್ಕೆ ಸರಿಯಾಗಿ ಸಣ್ಣ ಹುಡುಗಿ ನೂಕಿದರೂ ಜೋಕಾಲಿ ಮುಗಿಲಿಗೆ ಹೋಗುತ್ತದೆ. ಲಯ ತಪ್ಪಿದರೆ ಪೈಲ್ವಾನ ನೂಕಿದರೂ ಇಲ್ಲ. ಇದೇ ಅನುರಣನ. ಎರಡು ಆವೃತ್ತಿಗಳ ನಡುವೆ ಕನಿಷ್ಠ ನೂರಕ್ಕೆ 20ರಷ್ಟು ದೂರ ಇರಲಿ ಎನ್ನುತ್ತೇವೆ, ಇಲ್ಲಿ ಹತ್ತೂ ಇರಲಿಲ್ಲ. ಕೊಳವೆಯ ನಡುವೆ ಕಬ್ಬಿಣದ ಆ್ಯಂಗಲ್ ಆಸರೆ ಕೊಟ್ಟು ಬಿಗಿ ಮಾಡಿದಾಗ ಅದು 41ಕ್ಕೆ ಏರಿತು. ಬ್ಲೋವರ್ ಮತ್ತು ಕೊಳವೆ ಸೇರುವಲ್ಲಿ ಕ್ಯಾನ್ವಾಸ್ ತುಂಡು ಹಾಕಿಸಿದೆ. ಸಿ ತೂಕ 59. ತಾಟು ಸುಮ್ಮನಾದವು.

ಎ ತೂಕ ಮಾತ್ರ 53, ಒಂದೇ ಇಳಿಯಿತು. ಅದು ಪಲ್ವರೈಸರ್‌ನ ಸುತ್ತಿಗೆಗಳ ಸದ್ದು, ಬ್ಲೋವರ್‌ನದಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45, ಎ ತೂಕದಲ್ಲಿ, ಹೊತ್ತಿನ ಸರಾಸರಿಯಾದ ಎಲ್‌ಇಕ್ಯು ಲೆಕ್ಕದಲ್ಲಿ. ಓಣಿಯ ಹಿನ್ನೆಲೆಯೇ 49 ಇರುವುದು ಬೇರೆ ಮಾತು. ಗೋಡೆ ಎತ್ತರಿಸಿ ಒಳಗೆ ಹೊದಿಕೆ ಹಾಕುವವರೆಗೆ ರಾತ್ರಿ ಹತ್ತರ ಮೇಲೆ ಪಲ್ವರೈಸರ್ ಓಡಿಸಬೇಡಿ ಎಂದೆ. ಸಾವ್ಕಾರರ ಮುಖ ಸಣ್ಣದಾಯಿತು, ಸುಗ್ಗಿ ಕಾಲ ನೋಡಿ.

ಗುಂಯ್ ಗುಂಯ್ ಎಂದು ಏರಿಳಿದರೆ

ಇದು ಈ ಗಿರಣಿಯದಲ್ಲ, ಗದಗ ಕಡೆ ಜೋಡಿ ಬ್ಲೋವರ್ ಇರುವಲ್ಲಿ ಪದೇ ಪದೇ ಕೇಳುವ ದೂರು: ಸದ್ದು ಎರಡು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ, ಮೀಟರ್ ಅಂಕಿ ನಿಲ್ಲುವುದೇ ಇಲ್ಲ. ತಂಬೂರಿಯ ಜೋಡಿ ತಂತಿ ಶ್ರುತಿ ಸೇರುವ ಮುನ್ನ ಅಲೆ ಅಲೆಯಾಗಿ ತೂಗುವುದನ್ನು ಧಾರವಾಡ, ಗದಗದವರಿಗೆ ಹೇಳಿಕೊಡಬೇಕಿಲ್ಲ. ಒಂದು ಯಂತ್ರ 24.0, ಇನ್ನೊಂದು 24.5 ಹರ್ಟ್ಸ್ ಇದ್ದರೆ ಅಂತರ 0.5, ಎರಡು ಸೆಕೆಂಡಿಗೊಂದು ಅಲೆ. ಇದನ್ನು ಬೀಟ್ ಎನ್ನುತ್ತಾರೆ. ಒಂದನ್ನು ನಿಲ್ಲಿಸಿ ನೋಡಿ, ಅಲೆ ಹೋದರೆ ಅದೇ. ಮೀಟರನ್ನು ಫಾಸ್ಟ್‌ನಿಂದ ಸ್ಲೋಗೆ, ಅಂದರೆ ಸೆಕೆಂಡಿನ ಎಂಟನೇ ಒಂದು ಪಾಲಿನಿಂದ ಪೂರ್ತಿ ಒಂದು ಸೆಕೆಂಡಿಗೆ ಹಾಕಿದರೆ ಅಂಕಿ ಸ್ವಲ್ಪ ನೆಟ್ಟಗಾಗುತ್ತದೆ, ಓದಿ ಬರೆದುಕೊಳ್ಳಬಹುದು.

ತಿಂಗಳಾದ ಮೇಲೆ ಬ್ಯಾಡಗಿಯಿಂದ ಫೋನ್ ಬಂತು. ಸಾವ್ಕಾರರು ಒಂದು ಕೈಮೀಟರ್ ಕೊಂಡಿದ್ದರು.

"ಸರ, 3.6 ತೋರಸಾಕತ್ತೈತಿ."

"3.6 ಏನ್ರಿ?"

"ಮಿಲಿಮೀಟರ್ ಪರ್ ಸೆಕೆಂಡ್, ಆರ್‌ಎಂಎಸ್. ಫ್ಯಾನ್ ಕಡೀದು, ಅಡ್ಡ. ನೇರ 1.4. ಹೋದ ವಾರ 2.5 ಇತ್ರಿ."

"ಬಾಗಿಲಾ ತಗದು ಹಿಟ್ಟು ಕೆರೀರಿ. ಫ್ಯೂಸ್ ಜೇಬಿನ್ಯಾಗ ಇರ್ಲಿ."